ಡೀಬಗ್ ಸಾಲು ತೆಗೆಯಲು ಎಎಸ್‌ಟಿ-ಗ್ರೆಪ್: ಮಿಲ್ ಸಾಫ್ಟ್‌ವೇರ್ ಬರೆಯುವವರು ತಿಳಿದಿರಬೇಕಾದ್ದು

ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತಿನ ರೈಸ್ ಮಿಲ್ಲುಗಳ ಕಾಟಾ ರೂಮಿನಲ್ಲಿ ಓಡುವ ಸಾಫ್ಟ್‌ವೇರ್ ಸೀಜನ್ನಿನ ನಡುವೆ ಮೆಲ್ಲಗಾಯಿತೆಂದರೆ ಮೊದಲು ತೆರೆದು ನೋಡಬೇಕಾದ್ದು ಲಾಗ್ ಫೋಲ್ಡರ್. ತೂಕದ ಇಂಡಿಕೇಟರ್ ಸೀರಿಯಲ್ ಕೇಬಲ್ ಮೂಲಕ ಸೆಕೆಂಡಿಗೆ 10 ಸಲ ತೂಕ ಕಳಿಸುತ್ತದೆ ಎಂದುಕೊಳ್ಳಿ. ಅದನ್ನು ಓದುವ ಲೂಪಿನೊಳಗೆ ಯಾರೋ ಯಾವತ್ತೋ ಬಿಟ್ಟುಹೋದ ಒಂದು ಕನ್ಸೋಲ್.ಲಾಗ್ (ಲಾಗಿಗೆ ಒಂದು ಸಾಲು ಬರೆಯುವ ಜಾವಾಸ್ಕ್ರಿಪ್ಟ್ ಕಮಾಂಡ್) ಇದೆ, ಟೈಮ್‌ಸ್ಟ್ಯಾಂಪ್ ಸೇರಿ ಒಂದು ಸಾಲಿಗೆ 120 ಬೈಟ್. ದಿನಕ್ಕೆ 86,400 ಸೆಕೆಂಡ್. ಗುಣಿಸಿದರೆ 10 ಕೋಟಿ 36 ಲಕ್ಷ ಬೈಟ್, ಅಂದರೆ ದಿನವೊಂದಕ್ಕೆ 100 ಎಂಬಿಗಿಂತ ಮೇಲೆ. ಎರಡು ತಿಂಗಳ ಸೀಜನ್ ಮುಗಿಯುವಷ್ಟರಲ್ಲಿ 6 ಜಿಬಿ. ಡಿಸ್ಕ್ ತುಂಬುವುದು ಒಂದು ಕಷ್ಟವಾದರೆ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನಲ್ಲಿ ಇನ್ನೊಂದಿದೆ. ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ ಕನ್ಸೋಲ್.ಲಾಗ್ ಬರೆದು ಮುಗಿಯುವ ತನಕ ಮಿಕ್ಕ ಕೆಲಸವೆಲ್ಲ ನಿಂತಿರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಮಷಿನ್ನಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮುನೀಮರ ಫೋನು ಬರುವುದು ಇಷ್ಟೇ ಮಾತಿನಲ್ಲಿ: “ಗಾಡಿ ಕಾಟಾದ ಮ್ಯಾಲ ನಿಂತದ್ರೀ, ಚೀಟಿ ಬರವಲ್ದು.”

ಇಂಥ ಡೀಬಗ್ ಸಾಲುಗಳನ್ನು, ಅಂದರೆ ತಪ್ಪು ಹುಡುಕಲೆಂದು ತಾತ್ಕಾಲಿಕವಾಗಿ ಹಾಕಿದ ಸಾಲುಗಳನ್ನು, ದೊಡ್ಡ ಕೋಡ್‌ಬೇಸ್‌ನಿಂದ ತೆಗೆಯಲು ಈಗ ಸಿಗುವ ಸಾಧನಗಳಲ್ಲಿ, ಕೋಡನ್ನು ಅದರ ರಚನೆ ನೋಡಿ ಹುಡುಕಿ ಬದಲಿಸುವ ಎಎಸ್‌ಟಿ-ಗ್ರೆಪ್ ಎಲ್ಲಕ್ಕಿಂತ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಉಚಿತ, ಎಂಐಟಿ ಲೈಸೆನ್ಸ್, ರಸ್ಟ್‌ನಲ್ಲಿ ಬರೆದದ್ದು. ಎನ್‌ಪಿಎಂ, ಪಿಪ್, ಕಾರ್ಗೋ ಯಾವುದರಿಂದ ಬೇಕಾದರೂ ಹಾಕಿಕೊಳ್ಳಬಹುದು. ಇಂಟರ್ನೆಟ್ ಬೇಕಿರುವುದು ಇನ್‌ಸ್ಟಾಲ್ ಮಾಡುವಾಗ ಮಾತ್ರ. ಆಮೇಲೆ ಎಲ್ಲ ಕೆಲಸ ನಿಮ್ಮ ಮಷಿನ್ನಿನಲ್ಲೇ ಆಗುತ್ತದೆ, ಗಿರಾಕಿಯ ಕೋಡ್ ಹೊರಗೆಲ್ಲೂ ಹೋಗುವುದಿಲ್ಲ. ಆದರೆ ಇದು ಹರಿತವಾದ ಸಾಧನ. ನಿಯಮ ಸಡಿಲವಾಗಿ ಬರೆದರೆ ಡೀಬಗ್ ಸಾಲಿನ ಜೊತೆ ಚೀಟಿ ಉಳಿಸುವ ಸಾಲನ್ನೂ ಅಷ್ಟೇ ವೇಗವಾಗಿ ಹಾಳು ಮಾಡುತ್ತದೆ. ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಪಾಲು ನಿಯಮ ಬರೆಯುವ ಬಗ್ಗೆಯೇ ಇದೆ.

ಪಠ್ಯ ಹುಡುಕುವ ಸಾದಾ ಗ್ರೆಪ್ ಅಥವಾ ಪಠ್ಯ ತಿದ್ದುವ ಸೆಡ್ ಏಕೆ ಸಾಲದು ಎಂದರೆ, ಅವು ನೋಡುವುದು ಸಾಲನ್ನು. ಒಂದು ಕನ್ಸೋಲ್.ಲಾಗ್ ನಾಲ್ಕು ಸಾಲಿಗೆ ಹರಡಿಕೊಂಡಿದ್ದರೆ ಸೆಡ್ ಮೊದಲ ಸಾಲನ್ನು ಅಳಿಸಿ ಉಳಿದ ಮೂರನ್ನು ಅನಾಥವಾಗಿ ಬಿಡುತ್ತದೆ. ಎಎಸ್‌ಟಿ-ಗ್ರೆಪ್ ಟ್ರೀ-ಸಿಟರ್ ಪಾರ್ಸರ್ ಬಳಸಿ ಕೋಡಿನ ರಚನೆಯನ್ನೇ ಓದುತ್ತದೆ. ಕರೆ (ಕನ್ಸೋಲ್.ಲಾಗ್ ಎಂಬ ಹೆಸರಿನಿಂದ ಬ್ರಾಕೆಟ್ ಮುಚ್ಚುವ ತನಕದ ಭಾಗ) ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಅದಕ್ಕೆ ಗೊತ್ತು. ಸ್ಟ್ರಿಂಗ್ ಒಳಗೆ ಆ ಹೆಸರು ಬಂದರೆ ಮುಟ್ಟುವುದಿಲ್ಲ.

ಹುಡುಕುವ ಪ್ಯಾಟರ್ನ್ ಬರೆಯುವಾಗ ಒಂದು ಡಾಲರ್ ಗುರುತಿನ ಹೆಸರು ಒಂದೇ ಆರ್ಗ್ಯುಮೆಂಟಿಗೆ (ಬ್ರಾಕೆಟ್ ಒಳಗೆ ಕೊಡುವ ಅಂಶಕ್ಕೆ) ಹೊಂದುತ್ತದೆ, ಮೂರು ಡಾಲರ್ ಗುರುತು ಎಷ್ಟಿದ್ದರೂ ಹೊಂದುತ್ತದೆ. ಕನ್ಸೋಲ್.ಲಾಗ್($ಎ) ಎಂದು ಹುಡುಕಿ “ನಮ್ಮಲ್ಲಿ ಕಡಿಮೆ ಇವೆ” ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ. ಅದು “ತೂಕ” ಎಂಬ ಲೇಬಲ್ಲೂ ಅದರ ಸಂಖ್ಯೆಯೂ ಸೇರಿ ಎರಡು ಆರ್ಗ್ಯುಮೆಂಟ್ ಇರುವ ಸಾಲುಗಳನ್ನೆಲ್ಲ ಬಿಟ್ಟಿರುತ್ತದೆ, ಮತ್ತು ಡೀಬಗ್ ಸಾಲುಗಳು ಬಹುಪಾಲು ಇರುವುದೇ ಹಾಗೆ. ಕನ್ಸೋಲ್.ಲಾಗ್($$$) ಎಂದೇ ಹುಡುಕಿ.

ಇಲ್ಲೇ ಶೆಲ್ಲಿನ ತೊಂದರೆ ಎದುರಾಗುತ್ತದೆ. ಬ್ಯಾಷ್‌ನಲ್ಲಿ ಪ್ಯಾಟರ್ನನ್ನು ಡಬಲ್ ಕೋಟ್‌ನಲ್ಲಿ ಹಾಕಿದರೆ ಮೊದಲ ಎರಡು ಡಾಲರ್ ಜಾಗದಲ್ಲಿ ಶೆಲ್ ತನ್ನ ಪ್ರೊಸೆಸ್ ನಂಬರ್ ತುಂಬಿಬಿಡುತ್ತದೆ. ಎರರ್ ಬರುವುದಿಲ್ಲ, ಫಲಿತಾಂಶವೂ ಬರುವುದಿಲ್ಲ. ಸಿಂಗಲ್ ಕೋಟ್ ಹಾಕಿದರೆ ಸರಿ. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್ ಇದಕ್ಕೆ ಉಲ್ಟಾ: ಅದಕ್ಕೆ ಸಿಂಗಲ್ ಕೋಟ್ ಅರ್ಥವಾಗುವುದಿಲ್ಲ, ಡಬಲ್ ಕೋಟೇ ಬೇಕು. ಟೀಮಿನಲ್ಲಿ ಎರಡೂ ಬಗೆಯ ಮಷಿನ್ ಇದ್ದರೆ ಕಮಾಂಡ್ ಹಂಚಿಕೊಳ್ಳುವುದನ್ನು ಬಿಟ್ಟು ನಿಯಮವನ್ನು ವೈಎಎಂಎಲ್ ಫೈಲಿನಲ್ಲಿ ಬರೆದು ರಿಪಾಸಿಟರಿಯಲ್ಲೇ ಇಡಿ. ಲಿನಕ್ಸ್‌ನಲ್ಲಿ ಎಸ್‌ಜಿ ಎಂಬ ಚುಟುಕು ಹೆಸರಿನ ಬೇರೆ ಕಮಾಂಡ್ ಮೊದಲೇ ಇರುತ್ತದೆ. ಅಲ್ಲಿ ಎಎಸ್‌ಟಿ-ಗ್ರೆಪ್ ಎಂದು ಪೂರ್ತಿ ಹೆಸರು ಟೈಪ್ ಮಾಡಬೇಕು.

ಈಗ ಅಳಿಸುವ ನಿಯಮ. ಕರೆಯನ್ನು ಮಾತ್ರ ಹಿಡಿದು ಖಾಲಿ ಮಾಡಿದರೆ ಸೆಮಿಕೋಲನ್ ಒಂಟಿಯಾಗಿ ಉಳಿಯುತ್ತದೆ. ಆದ್ದರಿಂದ ಹಿಡಿಯಬೇಕಾದ್ದು ಸೆಮಿಕೋಲನ್ ಸೇರಿ ಅದನ್ನು ಸುತ್ತುವರಿದ ಎಕ್ಸ್‌ಪ್ರೆಶನ್ ಸ್ಟೇಟ್‌ಮೆಂಟನ್ನು: ಕೈಂಡ್ ಎಂಬಲ್ಲಿ ಅದರ ಹೆಸರು, ಹ್ಯಾಸ್ ಎಂಬಲ್ಲಿ ಕನ್ಸೋಲ್.ಲಾಗ್ ಪ್ಯಾಟರ್ನ್, ಫಿಕ್ಸ್ ಎಂಬಲ್ಲಿ ಖಾಲಿ ಸ್ಟ್ರಿಂಗ್. ಹ್ಯಾಸ್ ತಾನಾಗಿ ನೇರ ಮಕ್ಕಳನ್ನಷ್ಟೇ (ಒಂದೇ ಹಂತ ಒಳಗಿನ ಭಾಗಗಳನ್ನಷ್ಟೇ) ನೋಡುತ್ತದೆ, ಹಾಗೇ ಇರಲಿ. ಕೆಲವರು ಏನೂ ತಪ್ಪಿಹೋಗಬಾರದೆಂದು ಸ್ಟಾಪ್‌ಬೈ ಎಂಡ್ ಎಂದು, ಅಂದರೆ ಕೊನೆಯ ಆಳದವರೆಗೂ ಹುಡುಕು ಎಂದು, ಸೇರಿಸುತ್ತಾರೆ. ಸೇರಿಸಿದರೆ ಏನಾಗುತ್ತದೆ ನೋಡಿ. ಲಾರಿಗಳ ಪಟ್ಟಿಯ ಮೇಲೆ ಫಾರ್‌ಈಚ್ ಓಡಿಸಿ, ಒಳಗೆ ಒಂದು ಕನ್ಸೋಲ್.ಲಾಗ್, ಅದರ ಕೆಳಗೆ ಡೇಟಾಬೇಸ್‌ಗೆ ಬರೆಯುವ ಕರೆ ಇರುವ ಕೋಡ್ ತಗೊಳ್ಳಿ. ಆ ಇಡೀ ಫಾರ್‌ಈಚ್ ಕೂಡ ಒಂದು ಎಕ್ಸ್‌ಪ್ರೆಶನ್ ಸ್ಟೇಟ್‌ಮೆಂಟ್, ಅದರ ಆಳದಲ್ಲಿ ಕನ್ಸೋಲ್.ಲಾಗ್ ಇದೆ, ಆದ್ದರಿಂದ ನಿಯಮಕ್ಕೆ ಹೊಂದುತ್ತದೆ. ಡೇಟಾಬೇಸ್ ಕರೆ ಸಮೇತ ಇಡೀ ಬ್ಲಾಕ್ ಮಾಯ.

ಇದಕ್ಕಿಂತ ಮೋಸದ್ದು ಬ್ರೇಸ್ ಇಲ್ಲದ ಇಫ್:

ಇಫ್ (ತೂಕ < 0) ಕನ್ಸೋಲ್.ಲಾಗ್("ಮೈನಸ್ ತೂಕ", ತೂಕ);
ಚೀಟಿ_ಉಳಿಸು(ತೂಕ);

ಮೊದಲ ಸಾಲಿನ ಕನ್ಸೋಲ್.ಲಾಗ್ ಮಾತ್ರ ಅಳಿಸಿ. ಉಳಿಯುವುದು ಇಫ್ (ತೂಕ < 0), ಅದರ ಕೆಳಗೆ ಚೀಟಿ_ಉಳಿಸು. ಈಗ ತೂಕ ಮೈನಸ್ ಬಂದಾಗ ಮಾತ್ರ ಚೀಟಿ ಉಳಿಯುತ್ತದೆ, ಸರಿಯಾದ ತೂಕದ ಚೀಟಿ ಒಂದೂ ಉಳಿಯುವುದಿಲ್ಲ. ಸಿಂಟ್ಯಾಕ್ಸ್ ಎರರ್ ಇಲ್ಲ, ಬಿಲ್ಡ್ ಪಾಸ್, ಫಾರ್ಮ್ಯಾಟರ್ ಅದನ್ನು ಅಂದವಾಗಿ ಜೋಡಿಸಿಯೂ ಕೊಡುತ್ತದೆ. ಟೆಸ್ಟ್ ಇಲ್ಲದ ಕೋಡ್‌ಬೇಸ್‌ನಲ್ಲಿ ಇದು ಗೊತ್ತಾಗುವುದು ಸಂಜೆ ದಲಾಲಿ ಅಂಗಡಿಯವರು ಲೆಕ್ಕ ಕೇಳಿದಾಗ.

ತಡೆಯುವ ದಾರಿ: ಇಫ್, ಎಲ್ಸ್, ಫಾರ್, ವೈಲ್ ಎಂದು ಬೇಡದ್ದನ್ನು ಒಂದೊಂದಾಗಿ ಹೊರಗಿಡಲು ಹೋಗಬೇಡಿ, ಯಾವುದೋ ಒಂದು ಮರೆತುಹೋಗುತ್ತದೆ. ಬೇಕಾದ್ದನ್ನೇ ಹೇಳಿ. ಇನ್‌ಸೈಡ್ ಎಂಬಲ್ಲಿ ಸ್ಟೇಟ್‌ಮೆಂಟ್ ಬ್ಲಾಕ್ ಅಥವಾ ಪ್ರೋಗ್ರಾಂ, ಇವೆರಡರ ನೇರ ಮಗುವಾಗಿದ್ದರೆ ಮಾತ್ರ ಅಳಿಸು ಎಂದು. ಉಳಿದವು ಪಟ್ಟಿಯಲ್ಲಿ ಕಂಡರೆ ಸಾಕು, ಕೈಯಿಂದ ತೆಗೆಯಬಹುದು.

ಆರ್ಗ್ಯುಮೆಂಟ್ ಒಳಗೆ ಕೆಲಸ ನಡೆಯುತ್ತಿರುವ ಸಾಲುಗಳು ಮುಂದಿನ ಗುಂಪು. ಕ್ಯೂನಿಂದ ಒಂದು ಎಂಟ್ರಿ ಹೊರತೆಗೆಯುವ ಶಿಫ್ಟ್ ಕರೆ, ಅವೇಟ್ ಹಾಕಿ ಚೀಟಿ ಉಳಿಸುವ ಕರೆ, ಕೌಂಟರ್ ಏರಿಸುವ ಪ್ಲಸ್ ಪ್ಲಸ್. ಇವು ಕನ್ಸೋಲ್.ಲಾಗ್‌ನ ಬ್ರಾಕೆಟ್ ಒಳಗೇ ಕೂತಿರುತ್ತವೆ. ಸಾಲು ಹೋದರೆ ಆ ಕೆಲಸವೂ ಹೋಯಿತು. ನಿಯಮದಲ್ಲಿ ಆರ್ಗ್ಯುಮೆಂಟ್ ಭಾಗದ ಯಾವ ಆಳದಲ್ಲಾದರೂ ಫಂಕ್ಷನ್ ಕರೆ, ಅವೇಟ್, ಅಸೈನ್‌ಮೆಂಟ್, ಅಪ್‌ಡೇಟ್ ಇದ್ದರೆ ಬಿಡು ಎಂದು ನಾಟ್ ಹಾಕಿ. ಇಲ್ಲಿ ಸ್ಟಾಪ್‌ಬೈ ಎಂಡ್ ಬೇಕೇ ಬೇಕು. ಜೇಸನ್ ಸ್ಟ್ರಿಂಗಿಫೈ, ಟು ಫಿಕ್ಸ್ಡ್ ಮುಂತಾದ ನಿರುಪದ್ರವಿ ಕರೆಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ. ಅವಕ್ಕೆ ಬೇರೆ ನಿಯಮ ಬರೆದು ಎರಡನೇ ಸುತ್ತಿನಲ್ಲಿ ತೆಗೆಯುವುದು ಒಳ್ಳೆಯದು.

ಕ್ಯಾಚ್ ಬ್ಲಾಕಿನೊಳಗಿನ ಕನ್ಸೋಲ್.ಲಾಗ್ ಅಳಿಸಲೇಬೇಡಿ. ಎರರ್‌ನ ಏಕೈಕ ಕುರುಹು ಅದು. ತೆಗೆದರೆ ಖಾಲಿ ಕ್ಯಾಚ್ ಉಳಿದು, ಪ್ರಿಂಟರ್ ಪೋರ್ಟ್ ಸಿಗದಿದ್ದರೂ ಡೇಟಾಬೇಸ್ ಲಾಕ್ ಆದರೂ ಪ್ರೋಗ್ರಾಂ ತುಟಿಪಿಟಕ್ಕೆನ್ನುವುದಿಲ್ಲ. ಇವನ್ನು ಲಾಗ್ ಬರೆಯುವ ಲೈಬ್ರರಿಯಾದ ಲಾಗರ್‌ನ ಎರರ್ ಮಟ್ಟಕ್ಕೆ ಬದಲಿಸುವ ನಿಯಮ ಪ್ರತ್ಯೇಕವಾಗಿರಲಿ. ಕೋಡಿನ ತಪ್ಪು ತೋರಿಸುವ ಇಎಸ್‌ಲಿಂಟ್‌ನ ನೋ-ಎಂಪ್ಟಿ ನಿಯಮ ಖಾಲಿ ಕ್ಯಾಚನ್ನು ಹಿಡಿಯುತ್ತದೆ. ಶುಚಿ ಮಾಡುವ ಮೊದಲೇ ಅದನ್ನು ಆನ್ ಮಾಡಿಟ್ಟುಕೊಳ್ಳಿ.

ಬದಲಿಸುವ ನಿಯಮದಲ್ಲೂ ಒಂದು ಸೂಕ್ಷ್ಮವಿದೆ. ಪೀನೋ ಎಂಬ ಲಾಗರ್ ಬಳಸುವವರು ಕನ್ಸೋಲ್.ಲಾಗ್ ಎಂಬಲ್ಲಿ ಲಾಗರ್.ಇನ್ಫೋ ಎಂದು ಹೆಸರಷ್ಟೇ ಬದಲಿಸಿದರೆ ಡೇಟಾ ಕಳೆದುಹೋಗುತ್ತದೆ. ಪೀನೋಗೆ ಮೊದಲು ಆಬ್ಜೆಕ್ಟ್, ಆಮೇಲೆ ಮಾತು. ಮಾತು ಮೊದಲು ಕೊಟ್ಟು ಫಾರ್ಮ್ಯಾಟ್ ಗುರುತು ಇಲ್ಲದೆ ಹಿಂದೆ ಆಬ್ಜೆಕ್ಟ್ ಕೊಟ್ಟರೆ ಆ ಆಬ್ಜೆಕ್ಟ್ ಲಾಗಿಗೆ ಬರುವುದೇ ಇಲ್ಲ. ಎಎಸ್‌ಟಿ-ಗ್ರೆಪ್‌ನಲ್ಲಿ ಎರಡು ಆರ್ಗ್ಯುಮೆಂಟನ್ನೂ ಬೇರೆ ಬೇರೆ ಹೆಸರಿನಲ್ಲಿ ಹಿಡಿದು, ಫಿಕ್ಸ್‌ನಲ್ಲಿ ಅದಲುಬದಲು ಮಾಡಿ, ಎರಡನೆಯದನ್ನು ಕರ್ಲಿ ಬ್ರೇಸ್‌ನಲ್ಲಿ ಸುತ್ತಬಹುದು. ಸುತ್ತುವುದು ಸರಿಯಾಗುವುದು ಅದು ಒಂಟಿ ವೇರಿಯಬಲ್ ಹೆಸರಾಗಿದ್ದಾಗ ಮಾತ್ರ. ಕನ್‌ಸ್ಟ್ರೇಂಟ್ಸ್ ಎಂಬಲ್ಲಿ ಐಡೆಂಟಿಫೈಯರ್ ಎಂದು ಕಟ್ಟುಪಾಡು ಹಾಕಿದರೆ ಮಿಕ್ಕವು ಪಕ್ಕಕ್ಕೆ ಉಳಿಯುತ್ತವೆ. ಡೀಬಗ್ ಮಟ್ಟದ ಲಾಗಿಗೆ ಸ್ಟ್ರಿಂಗಿಫೈ ಮಾಡಿ ಕೊಡಬೇಡಿ, ಮಟ್ಟ ಆಫ್ ಇದ್ದರೂ ಸ್ಟ್ರಿಂಗ್ ತಯಾರಿಸುವ ಖರ್ಚು ತಪ್ಪುವುದಿಲ್ಲ. ಆಬ್ಜೆಕ್ಟನ್ನೇ ಕೊಡಿ.

ಇನ್ನು ಈ ಸಾಧನದ ಕೊರತೆಗಳು. ಟೈಪ್‌ಸ್ಕ್ರಿಪ್ಟ್ ಎಂದು ಬರೆದ ನಿಯಮ ಟಿಎಸ್‌ಎಕ್ಸ್ ಫೈಲಿಗೆ ತಾಗುವುದಿಲ್ಲ, ಜಾವಾಸ್ಕ್ರಿಪ್ಟ್ ನಿಯಮ ಟೈಪ್‌ಸ್ಕ್ರಿಪ್ಟಿಗೆ ತಾಗುವುದಿಲ್ಲ. ಒಂದೇ ನಿಯಮವನ್ನು ಎರಡು ಮೂರು ಸಲ ಬರೆಯಬೇಕಾಗುತ್ತದೆ. ವ್ಯೂ (Vue) ಫೈಲುಗಳನ್ನು ನೋಡಬೇಕಾದರೆ ಕಾನ್ಫಿಗ್‌ನಲ್ಲಿ ಅವನ್ನು ಎಚ್‌ಟಿಎಂಎಲ್ ಎಂದು ಎಣಿಸುವಂತೆ ಹೇಳಬೇಕು. ಗಿಟ್‌ಇಗ್ನೋರ್‌ನಲ್ಲಿರುವ ಫೋಲ್ಡರ್‌ಗಳನ್ನು ಅದು ತಾನಾಗಿ ಬಿಟ್ಟುಬಿಡುತ್ತದೆ. ಇದು ಸಾಮಾನ್ಯವಾಗಿ ಒಳ್ಳೆಯದೇ, ಆದರೆ ಗಿರಾಕಿವಾರು ಕಸ್ಟಮ್ ಕೋಡನ್ನು ಗಿಟ್‌ನಿಂದ ಹೊರಗಿಟ್ಟ ಟೀಮುಗಳಲ್ಲಿ ಆ ಭಾಗ ಪೂರ್ತಿ ತಪ್ಪಿಹೋಗುತ್ತದೆ. ಹೆಸರು ಬದಲಿಸಿಕೊಂಡ ಕರೆಗಳನ್ನು, ಅಂದರೆ ಕನ್ಸೋಲ್.ಲಾಗನ್ನು ಎಲ್ ಎಂಬ ವೇರಿಯಬಲ್‌ಗೆ ಹಾಕಿ ಎಲ್ಲ ಕಡೆ ಎಲ್ ಎಂದು ಕರೆದದ್ದನ್ನು, ಇದು ಹಿಂಬಾಲಿಸುವುದಿಲ್ಲ. ಪ್ರಾಮಿಸ್‌ನ ಕ್ಯಾಚಿಗೆ ಬ್ರಾಕೆಟ್ ಇಲ್ಲದೆ ಕನ್ಸೋಲ್.ಲಾಗ್ ಎಂದಷ್ಟೇ ಕೊಟ್ಟದ್ದು ಕರೆಯೇ ಅಲ್ಲವಾದ್ದರಿಂದ ಮೇಲಿನ ಪ್ಯಾಟರ್ನಿಗೆ ಸಿಗುವುದಿಲ್ಲ, ಬ್ರಾಕೆಟ್ ಇಲ್ಲದ ಪ್ಯಾಟರ್ನ್ ಇನ್ನೊಂದು ಬೇಕು. ಕಾಮೆಂಟ್ ಮಾಡಿಟ್ಟ ಹಳೇ ಡೀಬಗ್ ಸಾಲುಗಳಿಗೆ ಕಾಮೆಂಟ್ ಎಂಬ ಕೈಂಡ್ ಜೊತೆ ರೆಜೆಕ್ಸ್ ಸೇರಿಸಿ ತೆಗೆಯಬಹುದು.

ಅಳಿಸಿದ ಮೇಲೆ ಬಳಕೆಯಿಲ್ಲದ ವೇರಿಯಬಲ್‌ಗಳು ಹೊರಬೀಳುತ್ತವೆ. ಲಾಗಿನಲ್ಲಿ ತೋರಿಸಲೆಂದೇ ಲೆಕ್ಕ ಹಾಕಿದ ಸಮಯ, ಅದಕ್ಕಾಗಿಯೇ ತಂದ ಇಂಪೋರ್ಟ್. ಇವನ್ನು ಇಎಸ್‌ಲಿಂಟ್ ತೋರಿಸುತ್ತದೆ, ತಾನಾಗಿ ತೆಗೆಯುವುದಿಲ್ಲ, ಅದೇ ಸರಿ ಕೂಡ. ಸರ್ವರ್‌ಗೆ ಕರೆ ಮಾಡಿ ಬಂದ ಉತ್ತರವನ್ನು ಇಟ್ಟುಕೊಂಡ ವೇರಿಯಬಲ್ ಬಳಕೆಯಿಲ್ಲವೆಂದು ಆ ಸಾಲನ್ನೇ ಅಳಿಸಿದರೆ ಸರ್ವರ್ ಕರೆಯೂ ಹೋಗುತ್ತದೆ. ಇಲ್ಲಿ ಕಣ್ಣು ಬೇಕು, ಕಮಾಂಡ್ ಸಾಲದು.

ಎಎಸ್‌ಟಿ-ಗ್ರೆಪ್‌ನ ಇಂಟರಾಕ್ಟಿವ್ ಮೋಡ್ ಚೆನ್ನಾಗಿದೆ. ಒಂದೊಂದು ಜಾಗವನ್ನೂ ಮೊದಲು ಹೀಗಿತ್ತು, ಈಗ ಹೀಗಾಗುತ್ತದೆ ಎಂದು ತೋರಿಸಿ ಕೇಳುತ್ತದೆ: ಹೌದು, ಬೇಡ, ಎಡಿಟರ್‌ನಲ್ಲಿ ತೆರೆ, ನಿಲ್ಲಿಸು. ತೂಕ, ಬಿಲ್ಲಿಂಗ್, ಪೇಮೆಂಟ್ ಫೋಲ್ಡರ್‌ಗಳಿಗೆ ಇದನ್ನೇ ಬಳಸಿ. ರಿಪೋರ್ಟ್ ಮತ್ತು ಸ್ಕ್ರೀನ್ ಫೋಲ್ಡರ್‌ಗಳಲ್ಲಿ, ಮೇಲೆ ಹೇಳಿದ ಕಟ್ಟುಪಾಡುಗಳೆಲ್ಲ ಇದ್ದರೆ, ಒಟ್ಟಿಗೆ ಓಡಿಸಬಹುದು. ಒಂದು ಫೋಲ್ಡರಿಗೆ ಒಂದು ಕಮಿಟ್, ಅದರಲ್ಲಿ ಬೇರಾವ ಬದಲಾವಣೆಯೂ ಬೇಡ. ಆ ಕಮಿಟ್‌ಗಳ ಐಡಿಯನ್ನು ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಫೈಲಿಗೆ ಸೇರಿಸಿ, ಗಿಟ್‌ನ ಸೆಟ್ಟಿಂಗ್‌ನಲ್ಲಿ ಆ ಫೈಲನ್ನು ಹೆಸರಿಸಿದರೆ ಮುಂದೆ ಬ್ಲೇಮ್ ನೋಡುವಾಗ ಸಾಲನ್ನು ನಿಜವಾಗಿ ಬರೆದವರೇ ಕಾಣುತ್ತಾರೆ. ಗಿಟ್ 2.23ರಿಂದ ಈ ಸೌಲಭ್ಯ ಇದೆ.

ಸೋರ್ಸ್ ಮುಟ್ಟದೆ ಬಿಲ್ಡ್ ಹೊತ್ತಿನಲ್ಲೇ ಕನ್ಸೋಲ್ ಸಾಲುಗಳನ್ನು ಉದುರಿಸುವ ಇಎಸ್‌ಬಿಲ್ಡ್‌ನ ಡ್ರಾಪ್ ಸೌಲಭ್ಯವನ್ನು ಇದಕ್ಕೆ ಬದಲಿಯಾಗಿ ನಾವು ಒಪ್ಪುವುದಿಲ್ಲ. ಅದು ಆರ್ಗ್ಯುಮೆಂಟ್ ಸಮೇತ ಇಡೀ ಕರೆಯನ್ನು ತೆಗೆಯುತ್ತದೆ, ಬ್ರಾಕೆಟ್ ಒಳಗೆ ಕೆಲಸ ನಡೆಯುತ್ತಿದ್ದರೆ ಅದೂ ಹೋಗುತ್ತದೆ. ಅವರ ಕೈಪಿಡಿಯೇ ಈ ಎಚ್ಚರಿಕೆ ಕೊಟ್ಟಿದೆ. ಮೇಲಾಗಿ ಕನ್ಸೋಲ್.ಎರರ್ ಕೂಡ ಉಳಿಯುವುದಿಲ್ಲ, ಮತ್ತು ಡೆವಲಪರ್ ಮಷಿನ್ನಿನಲ್ಲಿ ಒಂದು ವರ್ತನೆ, ಮಿಲ್ಲಿನಲ್ಲಿ ಇನ್ನೊಂದು. ಬಳಸಲೇಬೇಕಾದರೆ ಪ್ಯೂರ್ ಎಂಬ ಆಯ್ಕೆ ವಾಸಿ: ಪರಿಣಾಮವಿರುವ ಆರ್ಗ್ಯುಮೆಂಟನ್ನು ಉಳಿಸಿ, ಫಲಿತಾಂಶ ಬಳಕೆಯಾಗದ ಕರೆಯನ್ನಷ್ಟೇ ತೆಗೆಯುತ್ತದೆ.

ತೆಗೆದದ್ದು ಮತ್ತೆ ಬರದಂತೆ ಕಾಯಲು ಇಎಸ್‌ಲಿಂಟ್‌ನ ನೋ-ಕನ್ಸೋಲ್ ಸಾಕು, ವಾರ್ನ್ ಮತ್ತು ಎರರ್ ಎರಡಕ್ಕೆ ಅನುಮತಿ ಕೊಟ್ಟು. ಸಾವಿರಾರು ಹಳೇ ಸಾಲು ಬಾಕಿ ಇರುವಾಗ ಇದನ್ನು ಆನ್ ಮಾಡುವುದು ಮೊದಲು ಕಷ್ಟವಿತ್ತು. 2025ರಲ್ಲಿ ಬಂದ ಇಎಸ್‌ಲಿಂಟ್ 9.24ರಿಂದ, ಈಗಾಗಲೇ ಇರುವ ತಪ್ಪುಗಳನ್ನೆಲ್ಲ ಒಂದು ಫೈಲಿನಲ್ಲಿ ದಾಖಲಿಸಿ ಬದಿಗಿಟ್ಟು, ಹೊಸದಾಗಿ ಬರೆದದ್ದನ್ನು ಮಾತ್ರ ತಡೆಯಬಹುದು. ಮೊದಲ ದಿನವೇ ಈ ಬೇಲಿ ಹಾಕಿ, ಆಮೇಲೆ ನಿಧಾನಕ್ಕೆ ಫೋಲ್ಡರ್ ಫೋಲ್ಡರ್ ಶುಚಿ ಮಾಡುತ್ತ ಬನ್ನಿ.

ಜಾವಾದಲ್ಲಿ ಕಾಟಾ ಓದುವ ಕೋಡ್ ಇರುವವರಿಗೆ ಒಂದು ವಿಶೇಷ ಎಚ್ಚರ. ಸಿಸ್ಟಂ.ಔಟ್.ಪ್ರಿಂಟ್‌ಎಲ್‌ಎನ್ ಒಳಗೆ ಲಾಕ್ ಇದೆ. ನಿಲ್ಲಿಸು ಎಂಬ ಫ್ಲ್ಯಾಗ್ ನೋಡುತ್ತ ಸುತ್ತುವ ಲೂಪಿನಲ್ಲಿ ಅದು ಇದ್ದಾಗ, ಬೇರೆ ಥ್ರೆಡ್ ಬದಲಿಸಿದ ಫ್ಲ್ಯಾಗ್ ಹೇಗೋ ಕಾಣಿಸುತ್ತಿರುತ್ತದೆ. ಪ್ರಿಂಟ್ ಸಾಲು ತೆಗೆದ ಕೂಡಲೇ, ಓಡುವಾಗಲೇ ಕೋಡನ್ನು ವೇಗಗೊಳಿಸುವ ಜಿಟ್ ಕಂಪೈಲರ್ ಫ್ಲ್ಯಾಗನ್ನು ಒಂದೇ ಸಲ ಓದಿ ಲೂಪಿನಿಂದ ಹೊರಗೆ ಇಟ್ಟುಬಿಡಬಹುದು. ಆಗ ಲೂಪ್ ನಿಲ್ಲುವುದೇ ಇಲ್ಲ, ಸಿಪಿಯು ಉರಿಯುತ್ತಲೇ ಇರುತ್ತದೆ. ತಪ್ಪು ಪ್ರಿಂಟ್ ತೆಗೆದದ್ದರಲ್ಲಿಲ್ಲ. ಫ್ಲ್ಯಾಗಿಗೆ ವೊಲಟೈಲ್ (ಪ್ರತಿ ಸಲವೂ ಹೊಸದಾಗಿ ಓದು ಎಂಬ ಗುರುತು) ಇಲ್ಲದಿರುವುದೇ ಮೂಲ ದೋಷ. ಥ್ರೆಡ್ ಇರುವ ಫೈಲುಗಳಲ್ಲಿ ಪ್ರಿಂಟ್ ತೆಗೆಯುವ ಮೊದಲು ಹಂಚಿಕೊಂಡ ಫ್ಲ್ಯಾಗ್‌ಗಳನ್ನೆಲ್ಲ ನೋಡಿಕೊಳ್ಳಿ.

ಯಾವುದನ್ನು ತೆಗೆಯಬಾರದು ಎಂಬುದನ್ನು ಸಾಧನ ಹೇಳಲಾರದು, ಕಾನೂನು ಹೇಳುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಬೇಕು, ಅದನ್ನು ಆಫ್ ಮಾಡುವಂತಿರಬಾರದು. ಬಿಲ್ ತಿದ್ದಿದವರು ಯಾರು ಎಂದು ಬರೆಯುವ ಸಾಲು ಕನ್ಸೋಲ್.ಲಾಗ್ ರೂಪದಲ್ಲಿದ್ದರೆ ಅದನ್ನು ಡೇಟಾಬೇಸ್ ಟೇಬಲ್ಲಿಗೆ ಸಾಗಿಸಿ, ಆಮೇಲೆ ಅಳಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಿಸ್ಟಂ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಲಾಗಿನ್, ಪಾಸ್‌ವರ್ಡ್ ಬದಲಾವಣೆ, ನೆಟ್‌ವರ್ಕ್ ದಾಖಲೆಗಳನ್ನು ಡೀಬಗ್ ಕಸದ ಜೊತೆ ಗುಡಿಸಬೇಡಿ.

ತೆಗೆಯಲೇಬೇಕಾದ ಸಾಲುಗಳೂ ಇವೆ. ಬೆಂಬಲ ಬೆಲೆ ಖರೀದಿಯಲ್ಲಿ ರೈತರ ಫ್ರೂಟ್ಸ್ ಐಡಿ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಬರುತ್ತವೆ. ರೈತನ ಇಡೀ ಆಬ್ಜೆಕ್ಟನ್ನು ಒಂದೇ ಏಟಿಗೆ ಪ್ರಿಂಟ್ ಮಾಡುವ ಡೀಬಗ್ ಸಾಲು ಅವನ್ನೆಲ್ಲ ಕಾಟಾ ರೂಮಿನ ಯಾರೂ ತೆರೆಯಬಹುದಾದ ಟೆಕ್ಸ್ಟ್ ಫೈಲಿಗೆ ಸುರಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ ರಕ್ಷಣಾ ಕ್ರಮ ತಪ್ಪಿದರೆ ದಂಡ ₹250 ಕೋಟಿವರೆಗೂ ಇದೆ. ದಂಡದ ಮಾತು ಪಕ್ಕಕ್ಕಿರಲಿ, ನೆಲ್ಲು ಮಾರಲು ಬಂದ ರೈತರ ಖಾತೆ ನಂಬರ್ ನಮ್ಮ ಅಜಾಗರೂಕತೆಯಿಂದ ಬೀದಿಗೆ ಬೀಳಬಾರದು. ಶುಚಿ ಮಾಡುವಾಗ ಮೊದಲ ಸುತ್ತು ಈ ಸಾಲುಗಳದ್ದೇ ಆಗಿರಲಿ. ಉಳಿಸಲೇಬೇಕಾದ ಕಡೆ ಪೀನೋದ ರಿಡ್ಯಾಕ್ಟ್ ಬಳಸಿ ಮುಚ್ಚಿ. ಹೊಸ ಕೋಡ್ ಹಾಕಿದ ದಿನ ಮಿಲ್ಲಿನ ಮಷಿನ್ನಿನಲ್ಲಿ, ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಉಳಿದ ಹಳೇ ಲಾಗ್ ಫೈಲುಗಳನ್ನೂ ನೋಡಿ. 180 ದಿನ ಇಡಬೇಕಾದ ದಾಖಲೆ ಅದರಲ್ಲಿದ್ದರೆ ಪಾಸ್‌ವರ್ಡ್ ಹಾಕಿ ಬೇರೆಡೆ ಇಡಿ, ಇಲ್ಲದಿದ್ದರೆ ಅಳಿಸಿ.

ಶುಚಿ ಮಾಡಿದ ವರ್ಷನ್ ಮಿಲ್ಲಿನಲ್ಲಿ ಯಾವಾಗ ಹಾಕಬೇಕು? ನವೆಂಬರ್, ಡಿಸೆಂಬರ್ ಬೇಡ, ಮುಂಗಾರು ಬೆಳೆ ಬರುವ ಕಾಲ ಅದು. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಏಪ್ರಿಲ್, ಮೇ ಕೂಡ ಬೇಡ. ಫೆಬ್ರವರಿ ಅಥವಾ ಆಗಸ್ಟ್ ಒಳ್ಳೆಯದು. ಒಂದೇ ಮಿಲ್ಲಿನಲ್ಲಿ ಮೊದಲು ಹಾಕಿ, ಹಳೇ ವರ್ಷನ್ ಅದೇ ಮಷಿನ್ನಿನಲ್ಲಿ ಇರಲಿ, ದಿನದ ಕೊನೆಗೆ ಕಾಟಾದ ಚೀಟಿ ಸಂಖ್ಯೆಯನ್ನೂ ಡೇಟಾಬೇಸ್‌ನ ಎಂಟ್ರಿ ಸಂಖ್ಯೆಯನ್ನೂ ತಾಳೆ ನೋಡಿ.

ನಮ್ಮ ಕಡೆ ಇನ್ನೂ ಬಹಳ ಕಡೆ ಓಡುತ್ತಿರುವ ವಿಬಿ ಡಾಟ್ ನೆಟ್ ಕೋಡಿಗೆ ಎಎಸ್‌ಟಿ-ಗ್ರೆಪ್‌ನಲ್ಲಿ ಸಿದ್ಧ ಬೆಂಬಲವಿಲ್ಲ, ಸಿ-ಶಾರ್ಪ್‌ಗೆ ಇದೆ. ವಿಬಿ ಇರುವವರು ವಿಶುವಲ್ ಸ್ಟುಡಿಯೋದ ಹುಡುಕಾಟದಲ್ಲೇ ಕೆಲಸ ಮಾಡಬೇಕು. ಅಲ್ಲಿ ಡೀಬಗ್.ರೈಟ್‌ಲೈನ್ ಬಗ್ಗೆ ತಲೆಕೆಡಿಸಿಕೊಳ್ಳುವುದು ಕಡಿಮೆ, ರಿಲೀಸ್ ಬಿಲ್ಡ್‌ನಲ್ಲಿ ಅದು ಸೇರುವುದೇ ಇಲ್ಲ. ಅದರ ಬ್ರಾಕೆಟ್ ಒಳಗಿನ ಕರೆಯೂ ಸೇರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಡೀಬಗ್ ಬಿಲ್ಡ್‌ನಲ್ಲಿ ಸರಿಯಿದ್ದು ರಿಲೀಸ್‌ನಲ್ಲಿ ಕೆಡುವ ಕೋಡಿದ್ದರೆ ಮೊದಲು ನೋಡಬೇಕಾದ ಜಾಗ ಅದು. ಕನ್ಸೋಲ್.ರೈಟ್‌ಲೈನ್ ಹಾಗಲ್ಲ, ರಿಲೀಸ್‌ನಲ್ಲೂ ಉಳಿಯುತ್ತದೆ. ಅದನ್ನು ಕೈಯಿಂದಲೇ ತೆಗೆಯಬೇಕು.